ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ಲ್ಯಾಪ್‌ಟಾಪ್ ಒಯ್ಯುವ ಮೊದಲು ಇದನ್ನು ಓದಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ. ಮಾಟುಂಗಾದ ಎರಡು ಹೋಟೆಲುಗಳ ಲೆಕ್ಕ, ಜಿಎಸ್‌ಟಿ ಎಲ್ಲ ನನ್ನ ಕೈಯಲ್ಲೇ. ದಿನವಿಡೀ ಬೇರೆಯವರ ಬಿಲ್ ನೋಡುವ ನಾನೇ ನನ್ನ ಬಿಲ್ ಓದದೆ 3,800 ರೂಪಾಯಿ ಎಣಿಸಿ ಬಂದೆ.

ನನ್ನದು ಹಳೇ ಲ್ಯಾಪ್‌ಟಾಪ್, ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಆನ್ ಮಾಡಿ ಚಹಾ ಕುಡಿದು ಬಂದರೂ ಪರದೆಯಲ್ಲಿ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಆಫ್ ಆಗೋಕೂ ಅದೇ ರಗಳೆ. ಡೊಂಬಿವಿಲಿ ಲೋಕಲ್ ತಪ್ಪಿದ್ದು ಎಷ್ಟು ಸಲವೋ. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, ಹಾಕಿಸಿ ಅಂದರು ಎಲ್ಲರೂ. ಮಾತು ಸರಿಯೇ, ನಾನು ಹೊಕ್ಕ ಅಂಗಡಿ ಸರಿ ಇರಲಿಲ್ಲ.

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅಂಗಡಿಯವನು, "ಓ, ಊರು ಎಲ್ಲಿ ಆಯ್ತು ನಿಮ್ದು?" ಅಂದ. ಕುಂದಾಪುರದ ಹತ್ತಿರ ಅಂದೆ. ಅವನೂ ಆ ಕಡೆಯವನೇ ಅಂತೆ. ಅಷ್ಟೇ. ಪಕ್ಕದ ಅಂಗಡಿಯಲ್ಲಿ ರೇಟೂ ಕೇಳಲಿಲ್ಲ ನಾನು.

ಸಂಜೆ ಹೋದಾಗ, "ನೋಡಿ ಸರ್" ಅಂತ ಪವರ್ ಬಟನ್ ಒತ್ತಿದ. ತಕ್ಷಣ ಪರದೆ ಕಪ್ಪಾಯ್ತು. ಮತ್ತೆ ಒತ್ತಿದ. ಐದು ಎಣಿಸುವಷ್ಟರಲ್ಲಿ ಪಾಸ್‌ವರ್ಡ್ ಕೇಳಿತು! "ಇನ್ಮೇಲೆ ಮೌಸ್ ಹಿಡಿದು ಶಟ್‌ಡೌನ್ ಎಲ್ಲ ಬೇಡ ಮಾರಾಯ್ರೆ, ಈ ಬಟನ್ ಒತ್ತಿ ಸಾಕು." ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಮರುದಿನ ಹೋಟೆಲ್ ಯಜಮಾನರಿಗೂ ಹೀಗೇ ಒತ್ತಿ ತೋರಿಸಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಎರಡು ವಾರ ಕಳೆದಿರಬೇಕು. ಲೋಕಲ್‌ನಲ್ಲಿ ತೊಡೆ ಮೇಲಿದ್ದ ಬ್ಯಾಗು ಬಿಸಿ. ಆಫ್ ಮಾಡಿದ ಲ್ಯಾಪ್‌ಟಾಪ್ ಯಾಕೆ ಬಿಸಿ ಆಗುತ್ತೆ? ಮನೆಗೆ ಬಂದು ಬಟನ್ ಒತ್ತಿದೆ. ಮಧ್ಯಾಹ್ನ ತರಕಾರಿ ಬಿಲ್ ಕೂಡಿಸಿದ್ದ ಕ್ಯಾಲ್ಕ್ಯುಲೇಟರ್ ಹಾಗೇ ತೆರೆದಿತ್ತು. 18,640. ಅದೇ ಮೊತ್ತ, ಅಲ್ಲೇ ನನ್ನನ್ನೇ ನೋಡುತ್ತಿತ್ತು.

ಅದು ಆಫೇ ಆಗಿರಲಿಲ್ಲ. ಅಂಗಡಿಯಿಂದ ತಂದಾಗಿನಿಂದ, ಬಟನ್ ಒತ್ತಿದಾಗಲೆಲ್ಲ ತೆರೆದಿದ್ದನ್ನು ಹಾಗೇ ಇಟ್ಟುಕೊಂಡು ಸುಮ್ನೆ ನಿದ್ದೆ ಮಾಡುತ್ತಿತ್ತು, ಸ್ಲೀಪ್! ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಕಂಪ್ಯೂಟರಿನ ಒಳಗೆ ಏನು ನಡೀತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಎದುರು 'ಎಚ್‌ಡಿಡಿ' ಅಂತಿದೆ, ಅಂದರೆ ತಿರುಗುವ ಹಾರ್ಡ್‌ಡಿಸ್ಕೇ. ಅಪ್ ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯ್ತು ಅನ್ನುವ ಲೆಕ್ಕ, 15 ದಿನ. ಡಿಸ್ಕ್ ಬದಲಾಗೇ ಇಲ್ಲ!

ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಫಾಸ್ಟ್ ಸ್ಟಾರ್ಟಪ್ ಇದ್ದರೆ ಅಪ್ ಟೈಮ್ ಹಾಗೇ ತೋರಿಸ್ತದೆ ಸರ್." ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಸಿಟ್ಟು ಬಂತು. ಫಾಸ್ಟ್ ಸ್ಟಾರ್ಟಪ್‌ನಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಉಳಿಸಿಡುತ್ತೆ, ಆ ಲೆಕ್ಕ ಸೊನ್ನೆಗೆ ಬರೋದು ರೀಸ್ಟಾರ್ಟ್ ಮಾಡಿದರೆ ಮಾತ್ರ. ಆದರೆ ನಾವು ತೆರೆದಿದ್ದೆಲ್ಲ ಮುಚ್ಚಿಹೋಗುತ್ತೆ. ಕ್ಯಾಲ್ಕ್ಯುಲೇಟರಿನ 18,640 ಹೇಗಪ್ಪಾ ಉಳಿಯುತ್ತೆ? ಅದಕ್ಕೆ ಉತ್ತರವೇ ಇಲ್ಲ. ಎರಡು ದಿನ ಬಿಟ್ಟು, "ನಿಮ್ಗೆ ಬೇಕಿದ್ದದ್ದು ಸ್ಪೀಡ್, ಸಿಕ್ಕಿದೆ ಅಲ್ವಾ?" ಆಮೇಲೆ, "ಬಿಲ್ ನೋಡಿ ಸರ್."

ನೋಡಿದೆ. 'ಎಸ್‌ಎಸ್‌ಡಿ ಸ್ಪೀಡ್ ಸರ್ವಿಸ್' ಅಂತ ಬರೆದಿದ್ದಾನೆ. ಡಿಸ್ಕಿನ ಕಂಪನಿ ಇಲ್ಲ, ಸೀರಿಯಲ್ ನಂಬರ್ ಇಲ್ಲ, ವಾರಂಟಿ ಇಲ್ಲ. ಲೆಕ್ಕದವನಿಗೇ ಈ ಗತಿ.

ನೀವು ಹೋದರೆ ಕಣ್ಣೆದುರೇ ರೀಸ್ಟಾರ್ಟ್ ಮಾಡಿಸಿ, ಲ್ಯಾಪ್‌ಟಾಪ್ ಕಂಪನಿಯ ಲೋಗೋ ಬರಲೇಬೇಕು; ಬರೀ ನಿದ್ದೆಯಿಂದ ಎದ್ದರೆ ಅದು ಬರೋದಿಲ್ಲ. ನನಗೆ ಅಂದು ಅದು ಕಾಣಲೇ ಇಲ್ಲ, ನಾನೂ ಗಮನಿಸಲಿಲ್ಲ. ತೆಗೆದ ಹಳೇ ಡಿಸ್ಕ್ ಕೈಗೆ ಕೊಡಿ ಅನ್ನಿ. ಊರು ಯಾವುದು ಅಂತ ಕೇಳಿದರೆ ಹೇಳಬೇಡಿ.

ಆನ್ ಆದಾಗ ತಾವೇ ತೆರೆಯುವ ಪ್ರೋಗ್ರಾಂಗಳ ಪಟ್ಟಿ, ಸ್ಟಾರ್ಟಪ್ ಆಪ್ಸ್‌ನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ ಸದ್ಯ ಹೇಗೋ ಓಡಿಸುತ್ತಿದ್ದೇನೆ, ಬಿಟ್ಟಿಯಾಗಿ. ಇವತ್ತು ಬೆಳಿಗ್ಗೆ ಅವನ ಮೆಸೇಜ್ ಬಂದಿದೆ: "ವಿಂಡೋಸ್ 11 ಹಾಕ್ಸುದಿದ್ರೆ ಬನ್ನಿ ಸರ್, ನಮ್ಮೂರವ್ರಿಗೆ ಕಮ್ಮಿ ಮಾಡಿ ಕೊಡ್ತೆ."