ಎಂಜಲು ಪರೀಕ್ಷೆ ಕಿಟ್: ನಮ್ಮ ಯಜಮಾನರ ರಕ್ತದ ಕೊಬ್ಬಿಗೆ ಕಾರಣ ಏನು ಅಂತ ಅದಕ್ಕೆ ಸಿಗಲಿಲ್ಲ

ನಾವಿರುವುದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ನಾನು ತುಮಕೂರಿನವಳು, ನಮ್ಮ ಅತ್ತೆ ಮೆಕ್ಸಿಕೋದ ಮಾಂಟೆರ್ರೇ ಊರಿನವರು. ಯಜಮಾನರಿಗೆ 41 ವರ್ಷ. ತೆಳ್ಳಗಿದ್ದಾರೆ, ದಿನಾ ಓಡುತ್ತಾರೆ. ಆದರೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 380, ಒಳ್ಳೆಯ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ ಬರೀ 31. ಅತ್ತೆಗೂ ಹಾಗೇ. ಇದು ಊಟದಿಂದ ಮಾತ್ರ ಬಂದದ್ದಲ್ಲ ಅನ್ನಿಸಿ ಜೀನ್ ಪರೀಕ್ಷೆಯ ಕಿಟ್ ತರಿಸಿದೆವು. ಕಂಪನಿಯ ಹೆಸರು ಬೇಡ.

ಬಳಸೋದು ಸುಲಭ. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ಕೊಳವೆಯ ಗೆರೆಯವರೆಗೆ ಎಂಜಲು ತುಂಬಬೇಕು. ನೊರೆ ಲೆಕ್ಕಕ್ಕಿಲ್ಲ. ಪಾಪ, ಹತ್ತು ನಿಮಿಷ ಕೆನ್ನೆ ಒತ್ತಿಕೊಂಡು ಕೂತಿದ್ದರು. ಐದು ವಾರಕ್ಕೆ ವರದಿ ಬಂತು: ಕೊಲೆಸ್ಟ್ರಾಲ್ ಅಪಾಯ ಸಾಮಾನ್ಯ.

ನಮಗೆ ಸಮಾಧಾನವಾಗಲಿಲ್ಲ. ವರದಿ ಹಿಡಿದು ಆಸ್ಪತ್ರೆಯ ಜೀನ್ ಸಲಹೆಗಾರ್ತಿಯ ಹತ್ತಿರ ಹೋದೆವು. ಆಕೆ ಮೊದಲು ಕೇಳಿದ್ದೇ ಅಜ್ಜ ಅಜ್ಜಿ ಯಾವ ಊರಿನವರು ಅಂತ. ಕಿಟ್ ನೋಡಿದ್ದು ಬದಲಾವಣೆಯಾದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರಿಸಬಲ್ಲ ಎಲ್‌ಡಿಎಲ್‌ಆರ್, ಎಪಿಒಬಿ, ಪಿಸಿಎಸ್‌ಕೆ9 ಜೀನ್‌ಗಳನ್ನ. ಆ ಭಾಗ ಚೆನ್ನಾಗಿದೆ. ಆದರೆ ಇವರ ತೊಂದರೆ ಅದಲ್ಲವಲ್ಲ! ಹಲವು ಜೀನ್ ಬದಲಾವಣೆಗಳನ್ನ ಕೂಡಿಸಿ ಹೇಳುವ ಅಪಾಯದ ಅಂಕವನ್ನೂ ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದ್ದರು.

ಎಬಿಸಿಎ1 ಅನ್ನೋ ಜೀನ್ ಜೀವಕೋಶದೊಳಗಿನ ಕೊಲೆಸ್ಟ್ರಾಲನ್ನ ಹೊರಗೆ ದಾಟಿಸಿ ಎಚ್‌ಡಿಎಲ್ ಕಟ್ಟಲು ಕೊಡುತ್ತದೆ. ಅದರಲ್ಲಿ ಆರ್230ಸಿ ಅನ್ನೋ ಒಂದು ಬದಲಾವಣೆ ಇದೆ. ಅಮೆರಿಕದ ಮೂಲನಿವಾಸಿಗಳ ವಂಶ ಇರುವವರಲ್ಲಿ ಕಂಡದ್ದು, ಮೆಕ್ಸಿಕೋದಲ್ಲಿ ಅಪರೂಪವೇನಲ್ಲ. ಅದಿದ್ದವರಲ್ಲಿ ಎಚ್‌ಡಿಎಲ್ ಕಡಿಮೆ. ಇನ್ನು ಟ್ರೈಗ್ಲಿಸರೈಡ್ ಕರಗಿಸಲು ನೆರವಾಗೋದು 11ನೇ ವರ್ಣತಂತುವಿನ ಎಪಿಒಎ5 ಅನ್ನೋ ಜೀನ್. ಕಿಟ್ಟಿನ ವರದಿಯಲ್ಲಿ ಇವೆರಡರ ಮಾತೇ ಇರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಮಾಡಿಸಿದಾಗ ಯಜಮಾನರಲ್ಲಿ ಆರ್230ಸಿ ಸಿಕ್ಕಿತು.

ನನಗೆ ಜಾಸ್ತಿ ಬೇಜಾರಾದದ್ದು ಕಿಟ್ಟಿನ ಅರ್ಜಿ ನೋಡಿ. ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರಿಗೆಲ್ಲ 'ಹಿಸ್ಪಾನಿಕ್' ಅಂತ ಒಂದೇ ಚೌಕ. ಪೋರ್ಟೊರಿಕೋದವರಲ್ಲಿ ಆಫ್ರಿಕಾ ಮೂಲದ ಪಾಲು ಜಾಸ್ತಿ, ಮೆಕ್ಸಿಕೋದವರಲ್ಲಿ ಮೂಲನಿವಾಸಿಗಳ ಪಾಲು ಜಾಸ್ತಿ. ಒಂದೇ ಭಾಷೆ ಆಡಿದರೆ ರಕ್ತವೂ ಒಂದೇ ಆಗುತ್ತದಾ? ನಮ್ಮ ಭಾರತೀಯರ ಮಾಹಿತಿಯೂ ಇಂಥ ಅಂಕಗಳಲ್ಲಿ ಕಡಿಮೆಯೇ. ಇಲ್ಲಿನ ಕನ್ನಡದವರು ಕಿಟ್ ತರಿಸುವ ಮೊದಲು ಯಾರ ಮಾಹಿತಿ ಮೇಲೆ ಅಂಕ ಕಟ್ಟಿದ್ದೀರಿ ಅಂತ ಕಂಪನಿಯನ್ನ ಕೇಳಿ.

ಕಿಟ್‌ಗೆ ಐದಕ್ಕೆ ಎರಡು. ಆ ಸಲಹೆಗಾರ್ತಿಗೆ ಪೂರ್ತಿ ಐದು. ಮುಂದಿನ ಗುರುವಾರ ಅತ್ತೆಯನ್ನೂ ಅವರ ಹತ್ತಿರವೇ ಕರೆದುಕೊಂಡು ಹೋಗುತ್ತಿದ್ದೇನೆ.