ಮಳೆಗಾಲದ ದಾಸ್ತಾನಿಗೆ ಹುರುಳಿಯೋ, ಸೋಯಾ ಚಂಕ್ಸೋ?

ಹಾಲು, ಮೊಟ್ಟೆ ಬಿಟ್ಟವರು ಮೂಡಿಗೆರೆ ಮಳೆಗೆ ಏನು ತುಂಬಿಡಬೇಕು ಅಂತ ಕೇಳಿದ್ದೀರಿ. ಮರ ಬಿದ್ದು ರಸ್ತೆ ಬಂದ್ ಆದಾಗ ಕರೆಂಟೂ ಇರಲ್ಲ, ಫ್ರಿಜ್ ನಂಬಬೇಡಿ.

ಪ್ರೋಟೀನ್‌ನಲ್ಲಿ ಸೋಯಾ ಮುಂದೆ: 100 ಗ್ರಾಂಗೆ ಸುಮಾರು 50 ಗ್ರಾಂ. ಹುರುಳಿಯಲ್ಲಿ ಸುಮಾರು 22. ಸಿಲಿಂಡರ್ ಮುಗಿಯುತ್ತಾ ಬಂದಿದ್ದರೂ ಸೋಯಾನೇ ಸರಿ, ಬಿಸಿನೀರಲ್ಲಿ ಹತ್ತು ನಿಮಿಷ ಸಾಕು. ಹುರುಳಿಯನ್ನು ರಾತ್ರಿಯೇ ನೆನೆಹಾಕಬೇಕು, ಕುಕ್ಕರ್ ಜಾಸ್ತಿ ಕೂಗಬೇಕು.

ಸೌದೆ ಒಲೆ ಇದ್ದರೆ ಮಾತ್ರ ನಾನು ಹುರುಳಿ ಕಡೆ. ಕಟ್ಟು ಬಸಿದು ಸಾರು, ಬೆಂದ ಕಾಳಿಗೆ ಒಗ್ಗರಣೆ. ನೆನೆದ ಕಾಳಲ್ಲಿ ಇನ್ನೆರಡು ಹಿಡಿ ಬೇಯಿಸದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ. ಸಂತೆ ತಪ್ಪಿದ ವಾರ ಅದೇ ತರಕಾರಿ. ಸೋಯಾ ಎರಡನೇ ದಿನಕ್ಕೇ ಬೇಜಾರು, ಅಲ್ವಾ?

ಪೊಟ್ಟಣ ಒಡೆದರೆ ಸೋಯಾ ಮೆತ್ತಗಾಗುತ್ತದೆ, ಹುರುಳಿಗೆ ಹುಳ ಬೀಳುತ್ತದೆ. ಹುರುಳಿಯನ್ನು ಮೇ ಬಿಸಿಲಲ್ಲೇ ಒಣಗಿಸಿ ಡಬ್ಬಿಗೆ ತುಂಬಿ. ಹಾಲು, ಮೊಟ್ಟೆಯಲ್ಲಿ ಸಿಗುವ ವಿಟಮಿನ್ ಬಿ12 ಎರಡರಲ್ಲೂ ಇಲ್ಲ, ಮಾತ್ರೆ ತಂದಿಟ್ಟುಕೊಳ್ಳಿ.