ಎಪಾಕ್ಸಿಯ ಹೊಗೆಗೆ ಹೆದರಿದವನು ಹನಿಗೆ ಹೆದರಲಿಲ್ಲ

ಧಾರವಾಡದಲ್ಲಿ ನಮ್ಮ ಮನೆಯ ಹಿತ್ತಲಿಗೊಂದು ತಗಡಿನ ಕೋಣೆಯಿದೆ. ಕಲಘಟಗಿಯಿಂದ ತಂದ ಸಾಗವಾನಿ ಹಲಗೆಯ ಬಿರುಕಿಗೆ ಎಪಾಕ್ಸಿ ರೆಸಿನ್ ಎಂಬ, ಕಲಸಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಅಂಟುದ್ರವ ತುಂಬಿ, ಅಲ್ಲಿಯೇ ಒಂದು ಟೀಪಾಯಿ ಮಾಡಲು ಕುಳಿತಿದ್ದೆ.

ಏಪ್ರಿಲ್ ಮಧ್ಯಾಹ್ನ, ತಗಡು ಕಾದಿತ್ತು. ಪದೇ ಪದೇ ಕಲಸುವ ಬೇಸರಕ್ಕೆ ಅರ್ಧ ಲೀಟರ್ ರೆಸಿನ್‌ಗೆ ಒಮ್ಮೆಲೇ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿಟ್ಟು ಫೋನ್ ಎತ್ತಿಕೊಳ್ಳಲು ಹೋದೆ. ಮರಳುವಷ್ಟರಲ್ಲಿ ಪ್ಲಾಸ್ಟಿಕ್ ಡಬ್ಬಿ ಸೊಟ್ಟಗಾಗಿ ಬಿಳಿ ಹೊಗೆ ಏಳುತ್ತಿತ್ತು. ಇವೆರಡೂ ಬೆರೆತರೆ ತಾವೇ ಬಿಸಿಯಾಗುತ್ತವೆ. ರಾಶಿ ದೊಡ್ಡದಿದ್ದರೆ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಇಕ್ಕಳದಲ್ಲಿ ಹಿಡಿದು ಅಂಗಳದ ಕಲ್ಲಿನ ಮೇಲಿಟ್ಟು ದೂರ ಸರಿದೆ. 'ಮನೆಗೆ ಬೆಂಕಿ ಹಚ್ಚುತ್ತೀರೇನು?' ಎಂದಳು ಹೆಂಡತಿ. ಅಂದಿನಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳತೊಡಗಿದೆ. ಜಾಣನಾದೆನೆಂದು ಬೀಗಿದ್ದೂ ಉಂಟು.

ಕೈಗವಸು ಮಾತ್ರ ಹಾಕಲಿಲ್ಲ. 'ವಾಸನೆಯೇ ಇಲ್ಲ ಸರ್, ಏನೂ ಆಗುವುದಿಲ್ಲ' ಎಂದಿದ್ದ ಅಂಗಡಿಯವನ ಮಾತು ನನಗೂ ಹಿತವಾಗಿತ್ತು. ಬೆರಳಿಗೆ ಹನಿ ತಾಗಿದಾಗಲೆಲ್ಲ ಥಿನ್ನರ್ ಬಟ್ಟೆಯಿಂದ ಒರೆಸಿಕೊಂಡೆ. ಮರುದಿನವೇ, ಮುಖಕ್ಕೊಂದು ಕರವಸ್ತ್ರ ಕಟ್ಟಿಕೊಂಡು ಗಟ್ಟಿಯಾದ ರೆಸಿನನ್ನು ಉಜ್ಜಿ ನುಣುಪು ಮಾಡುತ್ತಿದ್ದೆ.

ಎರಡು ತಿಂಗಳಿಗೆ ಬೆರಳ ಸಂದಿಯಲ್ಲಿ ತುರಿಕೆ, ಸಾಸಿವೆ ಕಾಳಿನಷ್ಟು ನೀರುಗುಳ್ಳೆ. ಬೇಸಿಗೆಯ ಬೆವರುಸಾಲೆ ಎಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಬಳಿಕ ಕಣ್ಣ ರೆಪ್ಪೆಗಳು ಊದಿಕೊಂಡವು. ಚರ್ಮದ ವೈದ್ಯೆ ಉದ್ಯೋಗವೇನೆಂದು ಕೇಳಿದರು. ಲೆಕ್ಕಪತ್ರದ ಕೆಲಸ ಎಂದೆ. ಅವರು ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು, ಉಗುರಿನ ಅಂಚಿನಲ್ಲಿ ಗಾಜಿನಂತೆ ಕೂತಿದ್ದ ಹಳದಿ ಚೂರನ್ನು ತೋರಿಸಿ, 'ಹಾಗಾದರೆ ಇದೇನು?' ಎಂದರು.

ಎಪಾಕ್ಸಿಯ ಅಲರ್ಜಿ. ಚರ್ಮ ಒಮ್ಮೆ ಇದನ್ನು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಜೀವನವಿಡೀ ಮರೆಯುವುದಿಲ್ಲವಂತೆ. ಥಿನ್ನರ್ ಚರ್ಮದ ಜಿಡ್ಡು ತೆಗೆದು ರೆಸಿನ್ ಒಳಗಿಳಿಯಲು ಅನುಕೂಲ ಮಾಡಿಕೊಡುತ್ತದೆ, ಅಂದರೆ ಶುಚಿಯ ಹೆಸರಿನಲ್ಲಿ ನಾನೇ ಬಾಗಿಲು ತೆರೆದಿದ್ದೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ತೊಡಿ. ಆದರೂ ತಾಗಿದರೆ ಒಣಬಟ್ಟೆಯಿಂದ ಒರೆಸಿ, ಸಾಬೂನು ನೀರಿನಲ್ಲಿ ತೊಳೆಯಿರಿ. ಉಗುರಿಗೆ ಗಟ್ಟಿಯೆನಿಸಿದರೂ ರೆಸಿನ್ ಒಳಗೆ ಪೂರ್ತಿ ಮಾಗಲು ಹಲವು ದಿನ ಬೇಕು. ಅಲ್ಲಿಯವರೆಗೆ ಅದರ ಧೂಳೂ ಅಪಾಯವೇ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವುದೇ ಆಗಬೇಕು.

ಟೀಪಾಯಿ ಅರ್ಧಕ್ಕೇ ನಿಂತಿದೆ. ಮೊನ್ನೆ ಬಕೆಟ್ಟಿನ ಬಿರುಕಿಗೆ ಎರಡು ಟ್ಯೂಬಿನ ಅಂಟು ಬೆರೆಸಿ ಹಚ್ಚಿದೆ. ಅದೂ ಎಪಾಕ್ಸಿಯೇ ಎಂದು ಹೊಳೆದದ್ದು ಎರಡನೆಯ ದಿನ, ರೆಪ್ಪೆ ತೆರೆಯಲಾಗದೆ ಎದ್ದಾಗ.